ಪದ ಬೇಕಿದೆ: ಕುದುರೆಯ ‘ಫ್ರೀಜ್ ಬ್ರ್ಯಾಂಡಿಂಗ್’ಗೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ.

ಕುದುರೆ ಕಳ್ಳತನ ತಡೆಯುವ ಬಗ್ಗೆ ಒಂದು ಚಿಕ್ಕ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೊತೆಗೆ ಲಾಯದ ಬಾಗಿಲಿಗೆ ತೂಗುಹಾಕುವ ಒಂದು ಫಲಕವೂ ಇದೆ. ಕೈಪಿಡಿ ತಡವಾದರೂ ನಡೆದೀತು, ಫಲಕ ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಲೇಬೇಕು.

ಕಾಯಿಸಿದ ಕಬ್ಬಿಣದಿಂದ ಹಾಕುವ ಗುರುತಿಗೆ ನಮ್ಮಲ್ಲಿ ‘ಬರೆ’ ಇದೆ. ನನಗೆ ಬೇಕಾದದ್ದು ಅದಕ್ಕೆ ಎದುರಾದದ್ದು. ಲೋಹದ ಅಚ್ಚನ್ನು ದ್ರವ ಸಾರಜನಕದಲ್ಲಿ ಅದ್ದಿ, ಕೂದಲು ಕತ್ತರಿಸಿದ ಚರ್ಮದ ಮೇಲೆ ಕೆಲವು ಸೆಕೆಂಡು ಒತ್ತುತ್ತಾರೆ. ಸಾರಜನಕ ಕುದಿಯುವುದೇ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಆ ಚಳಿಗೆ ಕೂದಲಿಗೆ ಬಣ್ಣ ಕೊಡುವ ಕೋಶಗಳು ಸಾಯುತ್ತವೆ, ಬೇರು ಉಳಿಯುತ್ತದೆ. ವಾರಗಳ ಮೇಲೆ ಅಚ್ಚಿನ ಆಕಾರದಲ್ಲೇ ಬಿಳಿ ಕೂದಲು ಬರುತ್ತದೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕೀತ್ ಫಾರೆಲ್ 1966ರಲ್ಲಿ ರೂಪಿಸಿದ ವಿಧಾನ ಇದು. ಅಮೆರಿಕದ ಕಾಡುಕುದುರೆಗಳ ಎಡಗುತ್ತಿಗೆಯ ಮೇಲೆ ಕಾಣುವ ಕೋನಾಕಾರದ ಬಿಳಿ ಗೆರೆಗಳು ಇವೇ.

‘ಘನೀಕೃತ ಮುದ್ರಾಂಕನ’ ಎಂದು ಒಂದು ಕಡತದಲ್ಲಿ ಕಂಡೆ. ಅದನ್ನು ಫಲಕದ ಮೇಲೆ ಬರೆದರೆ ಕಳ್ಳನಿರಲಿ, ಲಾಯದವರೂ ಓದಲಾರರು. ‘ತುಟಿಯ ಅಚ್ಚೆ’, ‘ಗೊರಸಿನ ಮುದ್ರೆ’ ಎಂದು ಉಳಿದವನ್ನು ಹೇಗೋ ಬರೆದುಕೊಂಡಿದ್ದೇನೆ. ಮೈಕ್ರೋಚಿಪ್ಪಿಗೂ ಸಲಹೆ ಇದ್ದರೆ ಕೊಡಿ.

– ಸು.ಭ.

*

ತಂಬರೆ.

ತಣ್ + ಬರೆ. ತಂಗಾಳಿ, ತಂಬೆಲರುಗಳ ಸಾಲಿಗೆ ಸರಿಯಾಗಿ ಕೂರುತ್ತದೆ. ಸಂಸ್ಕೃತದ ಬಾಗಿಲು ತಟ್ಟಬೇಕಾಗಿಲ್ಲ.

– ವೆಂ.ನಾ.

*

ವೆಂ.ನಾ. ಸರ್, ಒಪ್ಪಲಾರೆ. ನಾನು ಪಶುವೈದ್ಯೆ, ಈ ಕೆಲಸ ಮಾಡಿದ್ದೇನೆ. ‘ಬರೆ’ ಎಂದ ಕೂಡಲೇ ಕುದುರೆಯವರು ಪ್ರಾಣಿಯ ಲಗಾಮು ಹಿಡಿದು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಅವರಿಗೆ ಬರೆ ಎಂದರೆ ಸುಡುವುದು. ಗಾಯದ ಮೇಲೆ ಬರೆ ಎಳೆದಂತೆ ಎನ್ನುವಾಗಲೂ, ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತೆ ಎನ್ನುವಾಗಲೂ ಇರುವುದು ಉರಿಯೇ. ಹಿಂದೆ ‘ತಂ’ ಸೇರಿಸಿದರೆ ಆ ಉರಿ ಆರುವುದಿಲ್ಲ. ಶೀತಮುದ್ರೆ ಎನ್ನಿ.

– ಡಾ. ರಾ.

*

ಡಾಕ್ಟರೇ, ಬರೆ ಎಂಬುದರ ಮೂಲ ಉರಿಯಲ್ಲ, ಗೆರೆ. ಬರಹದ ‘ಬರೆ’, ಮೈಮೇಲಿನ ‘ಬರೆ’ ಎರಡೂ ಒಂದೇ ಮಾತು. ತಮಿಳಿನ ‘ವರೈ’ ನೋಡಿ. ಗೀಚಿದ ಗೆರೆ ಬರೆ, ಸುಟ್ಟು ಎಳೆದ ಗೆರೆಯೂ ಬರೆ. ಹಾಗಾಗಿ ತಣಿಸಿ ಒತ್ತಿದ ಗೆರೆ ಬರೆಯಾಗದಿರಲು ಕಾರಣವೇ ಇಲ್ಲ. ಸುಡುವ ಅರ್ಥ ಆಮೇಲೆ ಅಂಟಿದ್ದು.

‘ಶೀತ’ ಎಂದರೆ ಜನಕ್ಕೆ ನೆಗಡಿ. ಕುದುರೆಗೆ ಶೀತಮುದ್ರೆ ಎಂದರೆ ಮೂಗು ಸೋರುವ ರೋಗ ಎಂದುಕೊಂಡಾರು.

– ವೆಂ.ನಾ.

*

ಆಮೇಲೆ ಅಂಟಿದ್ದೇ ಈಗ ಅರ್ಥ. ಫಲಕ ಓದುವವನು ‘ವರೈ’ ನೆನೆಯುತ್ತಾ ನಿಲ್ಲುವುದಿಲ್ಲ.

– ಡಾ. ರಾ.

*

ಇಬ್ಬರೂ ಬಿಡಿ, ‘ಬಿಳಿಮುದ್ರೆ’ ಎಂದುಬಿಟ್ಟರೆ? ಕಣ್ಣಿಗೆ ಕಾಣುವುದು ಬಿಳಿ ಕೂದಲೇ ಅಲ್ಲವೇ. ಮಗುವಿಗೂ ತಿಳಿಯುತ್ತದೆ.

– ಮಂ.

*

ಮಂ. ಅವರೇ, ಬಿಳಿ ಕುದುರೆಗೆ ಏನು ಮಾಡುವಿರಿ? ಬಿಳಿ, ಬೂದು ಕುದುರೆಗಳಿಗೆ ಅಚ್ಚನ್ನು ಇನ್ನೂ ಹೆಚ್ಚು ಹೊತ್ತು ಒತ್ತುತ್ತೇವೆ. ಆಗ ಕೂದಲ ಬೇರೇ ಸಾಯುತ್ತದೆ, ಅಲ್ಲಿ ಬೋಳು ಚರ್ಮ ಉಳಿಯುತ್ತದೆ. ಅರ್ಧ ಕುದುರೆಗಳಿಗೆ ಸಲ್ಲುವ ಪದ ಕೈಪಿಡಿಗೆ ಬೇಡ.

– ಡಾ. ರಾ.

*

ಮೂಲ ಪ್ರಶ್ನೆಯಲ್ಲಿರುವ ತಪ್ಪನ್ನು ಯಾರೂ ತಿದ್ದಲಿಲ್ಲವಲ್ಲ! ‘ಅಚ್ಚೆ’ ಅಲ್ಲ, ಹಚ್ಚೆ. ಪಚ್ಚೆಯಿಂದ ಬಂದದ್ದು, ಹಸಿರು ಎಂಬ ಅರ್ಥ. ತಮಿಳಿನಲ್ಲಿ ಇಂದಿಗೂ ‘ಪಚ್ಚೈ ಕುತ್ತು’, ತೆಲುಗಿನಲ್ಲಿ ‘ಪಚ್ಚಬೊಟ್ಟು’. ಪಕಾರ ಹಕಾರವಾಗಿ ನಮ್ಮಲ್ಲಿ ಹಚ್ಚೆ. ಅಚ್ಚು ಒತ್ತುವುದರಿಂದ ಅಚ್ಚೆ ಎಂದು ಪತ್ರಿಕೆಗಳಲ್ಲೂ ಬರೆಯುತ್ತಾರೆ. ಅದು ಹಕಾರ ಬಿದ್ದುಹೋದ ಉಚ್ಚಾರ ಮಾತ್ರ. ಸೂಜಿಯಿಂದ ಚುಚ್ಚುವುದಕ್ಕೂ ಅಚ್ಚಿಗೂ ಸಂಬಂಧವಿಲ್ಲ. ದಯವಿಟ್ಟು ‘ತುಟಿಹಚ್ಚೆ’ ಎಂದು ತಿದ್ದಿಕೊಳ್ಳಿ.

– ಶ್ರೀ.

*

ಶ್ರೀ. ಅವರೇ, ತಿದ್ದಿಕೊಂಡೆ, ಉಪಕಾರವಾಯಿತು. (ಹಚ್ಚೆಯ ಪುಟ ಹೇಗೂ ಚಿಕ್ಕದು. ಅಮೆರಿಕದ ಪಂದ್ಯದ ಕುದುರೆಗಳಿಗೆ ಮೇಲ್ದುಟಿಯ ಒಳಗೆ ಒಂದು ಅಕ್ಷರ, ಕೆಲವು ಅಂಕಿ ಹಾಕುತ್ತಿದ್ದರು. ಅಕ್ಷರ ಹುಟ್ಟಿದ ವರ್ಷಕ್ಕೆ. ವಯಸ್ಸಾದಂತೆ ಮಸುಕಾಗಿ ಓದಲು ಬಾರದು. ಅಲ್ಲಿ 2017ರ ಮರಿಗಳಿಂದ ಚಿಪ್ ಕಡ್ಡಾಯವಾಗಿದೆ.)

ಆದರೆ ಫಲಕ?

– ಸು.ಭ.

*

ಪದ ಕಟ್ಟುವ ಮೊದಲು ಒಂದು ಮಾತು. ಕುದುರೆಯ ಸುತ್ತಲಿನ ನಮ್ಮ ಮಾತುಗಳನ್ನೇ ನೋಡಿ: ಲಗಾಮು, ಜೀನು, ರಿಕಾಪು, ಸವಾರ. ಎಲ್ಲ ಪಾರಸಿ, ಅರಬಿಯ ಕಡೆಯಿಂದ ಬಂದವು. ಲಾಳವೂ ಅರಬಿಯ ‘ನಅಲ್’ ಎಂಬುದರಿಂದಲೇ. ಯಾರೂ ಇವನ್ನು ಹೊರಗಿನವು ಎಂದು ಓಡಿಸಿಲ್ಲ. ಕುದುರೆಗೆ ಮುದ್ರೆ ಹಾಕುವುದಕ್ಕೂ ಪಾರಸಿ ಪದವಿತ್ತು: ದಾಗ್. ಅಲಾವುದ್ದೀನ್ ಖಿಲ್ಜಿ ಸೈನ್ಯದ ಕುದುರೆಗಳಿಗೆ ದಾಗ್ ಹಾಕಿಸಿದ. ಒಂದೇ ಕುದುರೆಯನ್ನು ಎರಡು ಸಲ ತೋರಿಸಿ ಸಂಬಳ ಪಡೆಯುವುದನ್ನು, ಒಳ್ಳೆಯದನ್ನು ಮಾರಿ ಬಡಕಲನ್ನು ತಂದು ನಿಲ್ಲಿಸುವುದನ್ನು ತಡೆಯಬೇಕಿತ್ತು. ಅಕ್ಬರ್ ಅದನ್ನು ಮತ್ತೆ ಜಾರಿಗೆ ತಂದ. ಕಲೆಗೆ ‘ಡಾಗು’ ಎನ್ನುವವರು ಈಗಲೂ ಇದ್ದಾರೆ. ಸವಾರನ ಮುಖಲಕ್ಷಣ ಬರೆದಿಡುವ ಪಟ್ಟಿಗೆ ‘ಚೆಹ್ರಾ’ ಎನ್ನುತ್ತಿದ್ದರು, ನಮ್ಮ ಪೊಲೀಸ್ ಪ್ರಕಟಣೆಯ ‘ಚಹರೆ’ ಅದೇ.

ತಂಬರೆಯ ಹಟ ಬಿಡಿ. ‘ಫ್ರೀಜ್ ಮುದ್ರೆ’ ಎಂದರೆ ಇಂದಿನ ಲಾಯದವರಿಗೆ ತಿಳಿಯುತ್ತದೆ.

– ಖಾ.

*

ಲಗಾಮು ಜನರ ಬಾಯಲ್ಲಿ ನೂರಾರು ವರ್ಷ ಸವೆದು ಬಂದದ್ದು. ‘ಫ್ರೀಜ್’ ಅನುವಾದಕರ ಸೋಮಾರಿತನದಿಂದ ಬರುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಇದ್ದ ಬೇರುಗಳಿಂದ ಪದ ಕಟ್ಟುವುದನ್ನು ಬಿಟ್ಟರೆ ಬೇರು ಒಣಗುತ್ತದೆ. ಚಿಪ್ಪಿಗೆ ನಮ್ಮ ‘ಚಿಪ್ಪು’ ಸಾಕು. ಇಲ್ಲವೇ ‘ಪತ್ತೆಕಾಳು’. ಅಕ್ಕಿಕಾಳಿನಷ್ಟೇ ಇರುತ್ತದಂತೆ.

– ವೆಂ.ನಾ.

*

‘ಪತ್ತೆಕಾಳು’ ಬೇಡ, ದಯವಿಟ್ಟು ಬೇಡ. ಈ ಪದದಿಂದ ಕುದುರೆಯೇ ಕೈತಪ್ಪಬಹುದು. ಚಿಪ್ಪಿನಲ್ಲಿ ಬ್ಯಾಟರಿ ಇಲ್ಲ. ಎಲ್ಲಿದೆ ಎಂದು ಅದು ಹೇಳುವುದಿಲ್ಲ. ಓದುವ ಯಂತ್ರವನ್ನು ಕುತ್ತಿಗೆಯ ಹತ್ತಿರ ಹಿಡಿದಾಗ 15 ಅಂಕಿಯ ಸಂಖ್ಯೆ ಕೊಡುತ್ತದೆ, ಅಷ್ಟೇ. ‘ಪತ್ತೆ’ ಎಂದು ಓದಿದವರು ಕುದುರೆ ಕಳೆದುಹೋದ ದಿನ ಫೋನಿನಲ್ಲಿ ನಕ್ಷೆ ಹುಡುಕುತ್ತಾ ಕೂರುತ್ತಾರೆ. ಆ ಸಂಖ್ಯೆಯ ಎದುರು ಮಾಲೀಕರ ಹೆಸರು ನೋಂದಣಿಯಾಗಿರಬೇಕು, ಕುದುರೆ ಕೈಬದಲಾದರೆ ಹೆಸರೂ ಬದಲಾಗಬೇಕು. ಇಲ್ಲದಿದ್ದರೆ ಕುದುರೆ ಸಿಕ್ಕಿದರೂ ಯಾರದೆಂದು ಹೇಳಲಾಗದು. ‘ಗುರುತುಚಿಪ್’ ಎನ್ನಿ.

‘ಗೊರಸಿನ ಮುದ್ರೆ’ಯನ್ನೂ ತಿದ್ದಿ. ಗೊರಸು ಬೆಳೆದಂತೆ ಒತ್ತಿದ್ದು ಕೆಳಗಿಳಿಯುತ್ತದೆ, ಲಾಳ ಕಟ್ಟುವವರು ತುದಿ ಕೊಯ್ದಾಗ ಹೊರಟೇಹೋಗುತ್ತದೆ. ವರ್ಷದೊಳಗೆ ಮತ್ತೆ ಹಾಕಲೇಬೇಕು. ಅಳಿಯದ್ದಕ್ಕೆ ಮಾತ್ರ ‘ಮುದ್ರೆ’, ಉಳಿದದ್ದಕ್ಕೆ ‘ಗುರುತು’ ಎಂದು ಕೈಪಿಡಿಯುದ್ದಕ್ಕೂ ಭೇದ ಇಟ್ಟುಕೊಂಡರೆ ಯಾವುದನ್ನು ನಂಬಿ ಕೂರಬಾರದು ಎಂಬುದು ಪದದಲ್ಲೇ ಗೊತ್ತಾಗುತ್ತದೆ.

– ಡಾ. ರಾ.

*

ಡಾಕ್ಟರೇ, ಈ ಭೇದಕ್ಕಾಗಿಯೇ ಇಷ್ಟು ಹೊತ್ತು ತಡಕಾಡುತ್ತಿದ್ದೆ. ಇನ್ನೊಂದು ಭೇದವೂ ಈಗ ಹೊಳೆಯಿತು. ಚಿಪ್ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಕಳ್ಳನನ್ನು ಬಾಗಿಲಲ್ಲಿ ತಡೆಯುವುದೂ ಇಲ್ಲ. ಮುದ್ರೆ ದೂರಕ್ಕೇ ಕಾಣುತ್ತದೆ, ಕೊಳ್ಳುವವರು ಹಿಂಜರಿಯುತ್ತಾರೆ. ಆದರೆ ಈ ಕುದುರೆ ಇಂಥವರದ್ದೇ ಎಂದು ತೋರಿಸಲು ಚಿಪ್ಪಿನ ಸಂಖ್ಯೆ ಗಟ್ಟಿ. ಫಲಕದಲ್ಲಿ ಎರಡೂ ಇರಬೇಕು.

ಫಲಕಕ್ಕೆ ಹೀಗೆ ಬರೆದು ಕಳಿಸಿದೆ:

“ಇಲ್ಲಿನ ಕುದುರೆಗಳ ಕುತ್ತಿಗೆಯ ಮೇಲೆ ಅಳಿಯದ ಮುದ್ರೆ ಇದೆ. ಕುತ್ತಿಗೆಯೊಳಗೆ ಚಿಪ್ ಇದೆ. ಎರಡೂ ನೋಂದಣಿಯಾಗಿವೆ.”

ಫಲಕಕ್ಕೆ ಶೀತವೂ ಬೇಕಾಗಲಿಲ್ಲ, ತಂಪೂ ಬೇಕಾಗಲಿಲ್ಲ. ಕೈಪಿಡಿಯೊಳಗೆ ಶೀತಮುದ್ರೆ ಎಂದೇ ಇಟ್ಟು ಮೊದಲ ಸಲ ಬಂದಾಗ ಎರಡು ಸಾಲು ವಿವರಣೆ ಕೊಡುತ್ತೇನೆ. ವೆಂ.ನಾ. ಸರ್, ತಂಬರೆ ಕಿವಿಗೆ ಹಿತವಾಗಿದೆ, ನಿಜವಾಗಿ ಹೇಳುತ್ತಿದ್ದೇನೆ. ಆದರೆ ಹೆದರಿದ ಕುದುರೆಯವರ ಮುಂದೆ ‘ಬರೆ’ ಎನ್ನಲು ನನಗೆ ಮನಸ್ಸಿಲ್ಲ. ಖಾ. ಅವರ ‘ಚಹರೆ’ ತೆಗೆದುಕೊಂಡೆ. ಬಣ್ಣ, ಎತ್ತರ, ಹಣೆಯ ಬಿಳಿ, ಸುಳಿಗಳ ಜಾಗ ಬರೆದಿಡುವ ಪುಟಕ್ಕೆ ‘ಚಹರೆಪಟ್ಟಿ’ ಎಂದೇ ತಲೆಬರಹ.

– ಸು.ಭ.

*

ಮೈಗುರುತು ಇರುವಾಗ ಚಹರೆ ಏಕೆ? ನನ್ನ ಒಪ್ಪಿಗೆಯಿಲ್ಲ ಎಂದು ದಾಖಲಾಗಲಿ.

ಸುಳಿಯ ಪುಟ ಮಾತ್ರ ಚೆನ್ನಾಗಿ ಬರೆಯಿರಿ. ಹಣೆಯ ಬಿಳಿಗೆ ಬಣ್ಣ ಬಳಿದಾರು, ಸುಳಿಯನ್ನು ಯಾರೂ ತಿರುಗಿಸಲಾರರು. ಆ ಪದ ನಮ್ಮದೇ.

– ವೆಂ.ನಾ.

*

ಬರೆಯುತ್ತೇನೆ ಸರ್. ಆ ಪುಟಕ್ಕೇ ಇನ್ನೊಂದು ಪದ ಬೇಕಿದೆ. ಕುದುರೆಯ ಕಾಲಿನ ಒಳಬದಿಯಲ್ಲಿ ಕೂದಲಿಲ್ಲದ, ಕೊಂಬಿನಂತೆ ಗಟ್ಟಿಯಾದ ಒಂದು ಗಂಟು ಇರುತ್ತದಲ್ಲ, ಅದರ ಆಕಾರ ಕುದುರೆಯಿಂದ ಕುದುರೆಗೆ ಬೇರೆ. ಕುದುರೆಯ ಜೊತೆ ಬಾಳಿದವರು ಅದಕ್ಕೆ ಏನೆನ್ನುತ್ತಾರೆ? ಕಟ್ಟಿದ ಪದ ಬೇಡ, ಕೇಳಿದ ಪದ ಇದ್ದರೆ ತಿಳಿಸಿ.

– ಸು.ಭ.