ಪಝಲ್ ಬಿಡಿಸಿದರೆ ಪ್ರಶ್ನೆಯೇ ತಪ್ಪು ಅನ್ನಿಸುತ್ತಿದೆ, ಎಲ್ಲಿ ಎಡವುತ್ತಿದ್ದೇನೆ?

ಆಲೂರು_ಹುಡುಗಿ:
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ. ಲಾ ಕಾಲೇಜು ಸೇರೋಕೆ ಬರೆಯುವ ಪ್ರವೇಶ ಪರೀಕ್ಷೆಗಳಾದ ಕ್ಲಾಟ್, ಐಲೆಟ್ ಎರಡೂ ಬರೆಯಬೇಕು ಅಂತಿದೆ. ಕೋಚಿಂಗ್ ಇಲ್ಲ, ಮನೆಯಲ್ಲೇ ಓದು. ಇಂಗ್ಲಿಷ್, ಜಿಕೆ ಹೇಗೋ ಆಗುತ್ತದೆ. ಲಾಜಿಕ್ ಪಝಲ್ ಬಂದರೆ ಮಾತ್ರ ಕೈ ನಿಂತುಬಿಡುತ್ತದೆ. ನಿನ್ನೆ ಮಾಕ್ ಟೆಸ್ಟ್‌ನಲ್ಲಿ ಒಂದೇ ಪಝಲ್ 14 ನಿಮಿಷ ತಿಂದಿತು. ಐದರಲ್ಲಿ ಎರಡು ಸರಿ.

ಆ ಪಝಲನ್ನು ಕನ್ನಡಕ್ಕೆ ತಿರುಗಿಸಿ, ಹೆಸರುಗಳನ್ನು ನಮ್ಮ ಬಸ್ ಸ್ಟ್ಯಾಂಡಿಗೆ ಹೊಂದಿಸಿ ಹಾಕಿದ್ದೇನೆ:

ಹಾಸನದಿಂದ ಬೆಳಿಗ್ಗೆ ಆರು ಬಸ್ ಒಂದಾದ ಮೇಲೊಂದು ಹೊರಡುತ್ತವೆ. ಬೇಲೂರು, ಸಕಲೇಶಪುರ, ಆಲೂರು, ಅರಸೀಕೆರೆ, ಅರಕಲಗೂಡು, ಹೊಳೆನರಸೀಪುರ.
1) ಬೇಲೂರು ಬಸ್ ಸಕಲೇಶಪುರದ್ದಕ್ಕಿಂತ ಮುಂಚೆ. ನಡುವೆ ಸರಿಯಾಗಿ ಎರಡು ಬಸ್.
2) ಹೊಳೆನರಸೀಪುರದ ಬೆನ್ನಿಗೇ ಅರಸೀಕೆರೆ.
3) ಆಲೂರು ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ.
4) ಬೇಲೂರಿಗಿಂತ ಮುಂಚೆ ಅರಕಲಗೂಡು ಹೊರಟರೆ, ಅರಸೀಕೆರೆ ಕೊನೆಯ ಬಸ್.

ಮೂರನೇ ಪ್ರಶ್ನೆ: ಅರಸೀಕೆರೆ ಬಸ್ ಕೊನೆಯದಾದರೆ ಯಾವುದು ಖಂಡಿತ ನಿಜ? ನನ್ನ ಹಾಳೆ ಪ್ರಕಾರ ಅರಸೀಕೆರೆ ಕೊನೆಗೆ ಬರೋದೇ ಇಲ್ಲ. ಪ್ರಶ್ನೆಯೇ ತಪ್ಪಾ?

ಹೇಮಾವತಿ_ದಂಡೆ:
ಇಂಥದ್ದಕ್ಕೆ ತಲೆ ಕೆಡಿಸ್ಕೋಬೇಡಿ. ಕಣ್ಣು ಮುಚ್ಚಿ ಸಿ ಅಂತ ಗುರುತು ಹಾಕಿ ಮುಂದೆ ಹೋಗಿ. 😄

ಕರಿಕೋಟು (ಚಿಕ್ಕಮಗಳೂರು):
ಕಣ್ಣು ಮುಚ್ಚಿ ಹಾಕಿದ್ದು ತಪ್ಪಾದರೆ ಕಾಲು ಅಂಕ ಕಟ್. ಕ್ಲಾಟಲ್ಲೂ ಅಷ್ಟೇ, ಐಲೆಟಲ್ಲೂ ಅಷ್ಟೇ.

ಮೇಡಂ, ಪ್ರಶ್ನೆ ಸರಿ ಇದೆ. ಪ್ರಶ್ನೆಯೇ "ಹೀಗಾದರೆ" ಅಂತ ಕೇಳುವಾಗ ನಿಮ್ಮ ಹಾಳೆ "ಹಾಗೆ ಆಗಲ್ಲ" ಅಂದರೆ, ನೀವು ಯಾವುದೋ ಸುಳಿವನ್ನು ಅದು ಹೇಳಿದ್ದಕ್ಕಿಂತ ಜಾಸ್ತಿ ಓದಿದ್ದೀರಿ ಅಂತ ಅರ್ಥ. ನಾಲ್ಕನೇ ಸುಳಿವನ್ನು ರಫ್ ಹಾಳೆಯಲ್ಲಿ ಹೇಗೆ ಗೀಚಿದ್ದೀರೋ ಹಾಗೇ ಇಲ್ಲಿ ಬರೆಯಿರಿ. ತಿದ್ದಬೇಡಿ.

ಆಲೂರು_ಹುಡುಗಿ:
ಅರಕ – ಬೇಲೂ = ಅರಸೀ 6

ಕರಿಕೋಟು (ಚಿಕ್ಕಮಗಳೂರು):
ಸಿಕ್ಕಿತು. ಆ ಸಮ ಚಿಹ್ನೆಯೇ ಕಳ್ಳ.

ಸಮ ಅಂದರೆ ಎರಡೂ ಕಡೆಯಿಂದ ನಿಜ. ಸುಳಿವು ಹೇಳಿದ್ದು ಒಂದೇ ಕಡೆಯಿಂದ. ನಿಮ್ಮೂರಿನ ಉದಾಹರಣೆಯನ್ನೇ ತಗೊಳ್ಳಿ. ಹಾಸನಾಂಬ ದೇವಸ್ಥಾನದ ಬಾಗಿಲು ತೆರೆದಿದ್ದರೆ ಊರಲ್ಲಿ ಕಾಲಿಡೋಕೆ ಆಗದಷ್ಟು ಜನ. ಹಾಗಂತ ಊರಲ್ಲಿ ಜನ ಕಂಡ ದಿನವೆಲ್ಲ ಬಾಗಿಲು ತೆರೆದಿದೆ ಅಂತೀರಾ? ಸಂತೆ ಇರಬಹುದು, ಯಾರದೋ ಸಮಾವೇಶ ಇರಬಹುದು. ಆದರೆ ಊರು ಭಣಗುಡುತ್ತಿದ್ದರೆ ಬಾಗಿಲು ತೆರೆದಿಲ್ಲ, ಅದನ್ನು ಧೈರ್ಯವಾಗಿ ಹೇಳಬಹುದು. "ಆದರೆ" ಅನ್ನುವ ಸುಳಿವಿನಿಂದ ಸಿಗೋದು ಈ ಎರಡೇ: ನೇರವಾಗಿ ಒಂದು, ತಿರುಗಿಸಿ ಇಲ್ಲ ಅಂದಿದ್ದು ಇನ್ನೊಂದು.

ನಿಮ್ಮ ನಾಲ್ಕನೇ ಸುಳಿವಿಗೂ ಅದೇ. ಅರಕಲಗೂಡು ಬೇಲೂರಿಗಿಂತ ಮುಂಚೆ ಹೊರಟರೆ ಅರಸೀಕೆರೆ ಕೊನೆ. ಅರಸೀಕೆರೆ ಕೊನೆಯಲ್ಲದಿದ್ದರೆ ಅರಕಲಗೂಡು ಬೇಲೂರಿನ ನಂತರ. ಅರಸೀಕೆರೆ ಕೊನೆಯಾಗಿದ್ದರೆ? ಸುಳಿವು ಬಾಯಿ ಬಿಡುವುದಿಲ್ಲ. ಸಮ ಚಿಹ್ನೆ ಬಿಟ್ಟು ಬಾಣ ಹಾಕಿ.

ಇನ್ನು 14 ನಿಮಿಷದ ವಿಷಯ. ನೀವು ಬಹುಶಃ ಆರು ಬಸ್ಸನ್ನೂ ಒಟ್ಟಿಗೆ ಕೂರಿಸಲು ಹೋಗಿದ್ದೀರಿ. ಮೊದಲು ಅತಿ ಬಿಗಿಯಾದ ಸುಳಿವು ಹಿಡಿಯಿರಿ. ಇಲ್ಲಿ ಬೇಲೂರು–ಸಕಲೇಶಪುರ. ಅದಕ್ಕೆ ಮೂರೇ ಜಾಗ: 1–4, 2–5, 3–6. ಮೂರು ಸಾಲು ಎಳೆದು ಒಂದೊಂದಾಗಿ ನೋಡಿ.

2–5 ಅಂದರೆ ಉಳಿದದ್ದು 1, 3, 4, 6. ಅಂಟಿಕೊಂಡ ಹೊಳೆನರಸೀಪುರ–ಅರಸೀಕೆರೆ ಜೋಡಿಗೆ 3–4 ಬಿಟ್ಟು ಜಾಗವಿಲ್ಲ. ಆಲೂರಿಗೆ 1 ಅಥವಾ 6 ಉಳಿಯಿತು, ಎರಡೂ ಆಗಲ್ಲ. ಸಾಲೇ ಸತ್ತಿತು, ಹೊಡೆದು ಹಾಕಿ.

1–4 ಆದರೆ ಜೋಡಿ 2–3ರಲ್ಲಿ ಅಥವಾ 5–6ರಲ್ಲಿ. 3–6 ಆದರೆ ಜೋಡಿ 1–2ರಲ್ಲಿ. 4–5ರಲ್ಲಿ ಇಟ್ಟರೆ ಆಲೂರು ಮೊದಲು ಬರುವಂತಿಲ್ಲವಾದ್ದರಿಂದ ಅರಕಲಗೂಡು ಮೊದಲಾಗುತ್ತದೆ, ಆಗ ಅರಸೀಕೆರೆ ಕೊನೆಗೆ ಬರಬೇಕು, ಆದರೆ ಅದು ಐದರಲ್ಲಿ ಕೂತಿದೆ. ಅದೂ ಸತ್ತಿತು.

ಉಳಿದದ್ದು ನಾಲ್ಕು:
ಬೇಲೂರು, ಹೊಳೆನರಸೀಪುರ, ಅರಸೀಕೆರೆ, ಸಕಲೇಶಪುರ, ಆಲೂರು, ಅರಕಲಗೂಡು
ಬೇಲೂರು, ಅರಕಲಗೂಡು, ಆಲೂರು, ಸಕಲೇಶಪುರ, ಹೊಳೆನರಸೀಪುರ, ಅರಸೀಕೆರೆ
ಬೇಲೂರು, ಆಲೂರು, ಅರಕಲಗೂಡು, ಸಕಲೇಶಪುರ, ಹೊಳೆನರಸೀಪುರ, ಅರಸೀಕೆರೆ
ಹೊಳೆನರಸೀಪುರ, ಅರಸೀಕೆರೆ, ಬೇಲೂರು, ಅರಕಲಗೂಡು, ಆಲೂರು, ಸಕಲೇಶಪುರ

ಎರಡು, ಮೂರನೇ ಸಾಲಿನಲ್ಲಿ ಅರಸೀಕೆರೆ ಕೊನೆ. ಎರಡರಲ್ಲೂ ಬೇಲೂರು ಮೊದಲು. ಅದೇ ಉತ್ತರ. ನಿಮ್ಮ ಸಮ ಚಿಹ್ನೆ ನುಂಗಿದ್ದು ಈ ಎರಡು ಸಾಲನ್ನೇ.

ಹೇಮಾವತಿ_ದಂಡೆ:
ಸರ್ ಹೇಳಿದ್ದು ಸರಿ, ನನ್ನ ಸಿ ವಾಪಸ್. ಆದರೂ ಒಂದು ಮಾತು. ಕ್ಲಾಟಿಗೆ ಇದಕ್ಕೆ ಇಷ್ಟು ಒದ್ದಾಡಬೇಕಾ? 120 ನಿಮಿಷಕ್ಕೆ 120 ಪ್ರಶ್ನೆ, ಲಾಜಿಕಲ್ ರೀಸನಿಂಗ್ 22ರಿಂದ 26. ಅದರಲ್ಲೂ ಜಾಸ್ತಿ ಪ್ಯಾಸೇಜ್ ಓದಿ ವಾದ ಹಿಡಿಯೋದು.

ಕರಿಕೋಟು (ಚಿಕ್ಕಮಗಳೂರು):
ಕ್ಲಾಟ್ ಒಂದೇ ಆದರೆ ನಾನೂ ಅದನ್ನೇ ಹೇಳುತ್ತಿದ್ದೆ. ಐಲೆಟಲ್ಲಿ 150ಕ್ಕೆ 70 ಲಾಜಿಕ್, ಸಮಯ ಅದೇ 120 ನಿಮಿಷ. ಅವರು ಎರಡೂ ಬರೆಯುತ್ತಾರಲ್ಲ.

ಅಭ್ಯಾಸಕ್ಕೆ ಅಮೆರಿಕದ ಲಾ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್‌ನ ಹಳೇ ಲಾಜಿಕ್ ಗೇಮ್ಸ್ ಸಿಕ್ಕಿದರೆ ಬಿಡಬೇಡಿ. 2024ರ ಆಗಸ್ಟ್‌ನಿಂದ ಆ ಭಾಗವನ್ನು ಪರೀಕ್ಷೆಯಿಂದಲೇ ತೆಗೆದಿದ್ದಾರೆ, ಆದರೆ ಹಳೇ ಪಝಲ್‌ಗಳು ಚಿನ್ನ. ಅಲ್ಲಿ 35 ನಿಮಿಷಕ್ಕೆ ನಾಲ್ಕು ಕೊಡುತ್ತಿದ್ದರು, ಒಂದಕ್ಕೆ ಒಂಬತ್ತು ನಿಮಿಷವೂ ಇಲ್ಲ. ಮೊದಲ ವಾರ ಗಡಿಯಾರ ನೋಡಲೇಬೇಡಿ.

ಆಲೂರು_ಹುಡುಗಿ:
ಥ್ಯಾಂಕ್ಸ್ ಸರ್. ಇನ್ನೊಂದು ಕಾಟ ಇದೆ. ದುಂಡು ಮೇಜಿನ ಸುತ್ತ ಕೂರಿಸುವ ಪಝಲ್. "ಎ ಈಸ್ ಥರ್ಡ್ ಟು ದ ಲೆಫ್ಟ್ ಆಫ್ ಬಿ" ಅಂತಿದ್ದರೆ ಪ್ರತಿ ಸಲ ಉಲ್ಟಾ ಕೂರಿಸುತ್ತೇನೆ.

ಕರಿಕೋಟು (ಚಿಕ್ಕಮಗಳೂರು):
ಇಂಗ್ಲಿಷ್ ವಾಕ್ಯದಲ್ಲಿ ಎ ಮೊದಲು ಬರುತ್ತದೆ, ನೀವು ಎಯಿಂದ ಎಣಿಸೋಕೆ ಶುರು ಮಾಡುತ್ತೀರಿ. ಮನಸ್ಸಿನಲ್ಲೇ ಕನ್ನಡ ಮಾಡಿ: "ಬಿಯ ಎಡಕ್ಕೆ ಮೂರನೆಯವನು ಎ". ಕನ್ನಡದಲ್ಲಿ ಬಿ ತಾನಾಗಿ ಮುಂದೆ ಬಂತು. ಅಲ್ಲಿಂದಲೇ ಎಣಿಸಿ. ಇಂಗ್ಲಿಷ್ ಪರೀಕ್ಷೆಗೆ ಕನ್ನಡ ಅಡ್ಡಿ ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ.

ಎಡ ಯಾವ ಕಡೆ ಅಂತ ಗೊಂದಲವಾದರೆ, ಗಡಿಯಾರದಲ್ಲಿ ಆರು ಇರುವ ಜಾಗದಲ್ಲಿ ಕೂತು ನಡುವಿಗೆ ಮುಖ ಮಾಡಿದ್ದೀರಿ ಅಂದುಕೊಳ್ಳಿ. ಎಡಗೈ ಒಂಬತ್ತರ ಕಡೆ. ಅಂದರೆ ಎಡ ಅಂದರೆ ಮುಳ್ಳು ತಿರುಗುವ ದಿಕ್ಕು. ಹೊರಗೆ ಮುಖ ಮಾಡಿದ್ದಾರೆ ಅಂತಿದ್ದರೆ ಉಲ್ಟಾ.

"ಅನ್‌ಲೆಸ್" ಬಂದಾಗಲೂ ಕನ್ನಡವೇ ಕೈ ಹಿಡಿಯೋದು. ಅದನ್ನು "ಇಲ್ಲದಿದ್ದರೆ" ಅಂತ ಓದಿಕೊಂಡು ಬಾಣ ಹಾಕಿ.

ಆಲೂರು_ಹುಡುಗಿ:
ಇವತ್ತು ಬಸ್ಸಲ್ಲಿ ಬರುತ್ತಾ ಅದೇ ಪಝಲನ್ನು ಬಾಣ ಹಾಕಿ ಮತ್ತೆ ಮಾಡಿದೆ. ಸರ್, ತಪ್ಪು ತಿಳ್ಕೋಬೇಡಿ. ನಿಮ್ಮ ನಾಲ್ಕು ಸಾಲಿನಲ್ಲಿ ಅರಕಲಗೂಡು ಆರು, ಎರಡು, ಮೂರು, ನಾಲ್ಕರಲ್ಲಿ ಬರುತ್ತದೆ. ಐದರಲ್ಲಿ ಯಾಕಿಲ್ಲ ಅಂತ ಅನುಮಾನ ಬಂತು. ಇಟ್ಟು ನೋಡಿದೆ:

ಹೊಳೆನರಸೀಪುರ, ಅರಸೀಕೆರೆ, ಬೇಲೂರು, ಆಲೂರು, ಅರಕಲಗೂಡು, ಸಕಲೇಶಪುರ

ಯಾವ ಸುಳಿವೂ ಮುರಿಯಲಿಲ್ಲ. ಒಟ್ಟು ಐದು ಸಾಲು ಅಲ್ವಾ?

ಕರಿಕೋಟು (ಚಿಕ್ಕಮಗಳೂರು):
ಐದೇ. ಫೋನಲ್ಲಿ ಬರೆಯುವ ಆತುರದಲ್ಲಿ ಒಂದು ಬಿಟ್ಟೆ, ಕ್ಷಮಿಸಿ. ನೀವು ಹಿಡಿದಿದ್ದು ಇನ್ನೂ ದೊಡ್ಡದು, ನೋಡಿ: ಅರಕಲಗೂಡು ಎಷ್ಟನೇ ಬಸ್ ಅಂತ ಗೊತ್ತಾದರೆ ಇಡೀ ಪಟ್ಟಿ ಗೊತ್ತಾದಂತೆ. ನಾನು ಗಮನಿಸಿರಲಿಲ್ಲ. ಈ ಸಲ ಎಷ್ಟು ನಿಮಿಷ ಹಿಡಿಯಿತು?

ಆಲೂರು_ಹುಡುಗಿ:
ಗಡಿಯಾರ ನೋಡಬೇಡಿ ಅಂದಿದ್ದಿರಲ್ಲ ಸರ್. ಕಂದಲಿಯಲ್ಲಿ ಶುರು ಮಾಡಿದ್ದೆ, ಊರು ಬರುವ ಮೊದಲೇ ಮುಗಿದಿತ್ತು.