ಪದಚರ್ಚೆ: ಥ್ರೆಡ್ ‘ಬೀಗವನ್ನು ಕಾಯುತ್ತದೆ’ ಅನ್ನಬಹುದೇ? ಡೆಡ್‌ಲಾಕ್‌ಗೆ ಯಾವ ಪದ?

ಪ್ರಶ್ನೆ: ಸಿ ಪ್ಲಸ್ ಪ್ಲಸ್ ಕಲಿಯುವವರ ಕೈಪಿಡಿಯೊಂದರ ಕರಡಿನಲ್ಲಿ, ಥ್ರೆಡ್‌ಗಳು (ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಸಾಗುವ ಕೆಲಸಗಳು) ಒಂದನ್ನೊಂದು ಕಾಯುತ್ತ ಶಾಶ್ವತವಾಗಿ ನಿಂತುಬಿಡುವ ಡೆಡ್‌ಲಾಕ್ ಬಗ್ಗೆ ಈ ಸಾಲುಗಳಿವೆ: “ಮೊದಲ ಥ್ರೆಡ್ ‘ಅ’ ಬೀಗವನ್ನು ತೆಗೆದುಕೊಂಡು ‘ಆ’ ಬೀಗವನ್ನು ಕಾಯುತ್ತದೆ. ಎರಡನೆಯದು ‘ಆ’ ಬೀಗವನ್ನು ತೆಗೆದುಕೊಂಡು ‘ಅ’ ಬೀಗವನ್ನು ಕಾಯುತ್ತದೆ. ಇದೇ ಬಿಕ್ಕಟ್ಟು.” ಓದಿದವರು ಗೊಂದಲಪಡುತ್ತಿದ್ದಾರೆ. ತೊಂದರೆ ಎಲ್ಲಿದೆ? ‘ಬಿಕ್ಕಟ್ಟು’ ಬಿಟ್ಟು ‘ಸ್ಥಗಿತ’ ಎಂದರೆ ಸರಿಹೋದೀತೇ?

ಉತ್ತರ: ನಮಸ್ಕಾರ. ಗೊಂದಲ ಹುಟ್ಟುವುದು ಕೊನೆಯ ಪದದಲ್ಲಲ್ಲ, ಕ್ರಿಯಾಪದಗಳಲ್ಲಿ. ‘ಬೀಗ ತೆಗೆ’ ಎಂದರೆ ಕನ್ನಡದಲ್ಲಿ ಬಾಗಿಲು ಬಿಚ್ಚು ಎಂದೇ ಅರ್ಥ. ಹಾಗಾಗಿ ‘ಬೀಗ ತೆಗೆದುಕೊಂಡು’ ಎಂದು ಓದಿದವರಿಗೆ ಥ್ರೆಡ್ ಬೀಗ ಬಿಚ್ಚಿತು ಅನ್ನಿಸುತ್ತದೆ. ನೀವು ಹೇಳಬೇಕಾದದ್ದು ನೇರ ಇದಕ್ಕೆ ವಿರುದ್ಧ.

‘ಕಾಯು’ ಇನ್ನೂ ಸೂಕ್ಷ್ಮ. ಹೊಲವನ್ನು ಕಾಯುವುದು ಕಾವಲು, ಬಸ್ಸಿಗೆ ಕಾಯುವುದು ನಿರೀಕ್ಷೆ. ಆಡುಮಾತಿನಲ್ಲಿ ‘ಬಸ್ಸು ಕಾಯ್ತಿದ್ದೀನಿ’ ಅಂದರೂ ನಡೆಯುತ್ತದೆ, ಏಕೆಂದರೆ ಅಲ್ಲಿ ಕಾವಲಿನ ಅರ್ಥ ಹೊಂದುವುದಿಲ್ಲ. ಬೀಗದ ವಿಷಯದಲ್ಲಿ ಎರಡೂ ಹೊಂದುತ್ತವೆ! ‘ಬೀಗವನ್ನು ಕಾಯುತ್ತದೆ’ ಎಂದರೆ ಅದನ್ನು ಹಿಡಿದು ಕಾವಲಿರುವ ಥ್ರೆಡ್ಡೋ, ಸಿಗಲೆಂದು ನಿಂತಿರುವ ಥ್ರೆಡ್ಡೋ ತಿಳಿಯದು. ‘ಬೀಗಕ್ಕೆ’ ಎಂಬ ಚತುರ್ಥಿ ಇಲ್ಲಿ ಕಡ್ಡಾಯ.

ಇಲ್ಲಿ ಬೀಗ ಎಂದಿರುವುದು ಮ್ಯೂಟೆಕ್ಸ್ ಅನ್ನು, ಅಂದರೆ ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದದ್ದನ್ನು. ಅದಕ್ಕೆ ಬೀಗಕ್ಕಿಂತ ‘ಚಿಲಕ’ ಚೆನ್ನಾಗಿ ಒಪ್ಪುತ್ತದೆ. ಬಚ್ಚಲುಮನೆಯ ಒಳಚಿಲಕವನ್ನು ಹಾಕಿಕೊಂಡವರೇ ತೆಗೆಯಬೇಕು, ಮ್ಯೂಟೆಕ್ಸ್ ನಿಯಮವೂ ಅದೇ. ಥ್ರೆಡ್‌ಗಳನ್ನು ತಡೆದು ಬಿಡುವ ಇನ್ನೊಂದು ಸಾಧನವಾದ ಸೆಮಾಫೋರ್ ಹಾಗಲ್ಲ, ಒಂದು ಥ್ರೆಡ್ ಹಿಡಿದದ್ದನ್ನು ಇನ್ನೊಂದು ಬಿಡಬಹುದು. ‘ಕೀಲಿ’ ಮಾತ್ರ ಬೇಡ: ಉತ್ತರ ಕರ್ನಾಟಕದಲ್ಲಿ ಕೀಲಿ ಹಾಕುವುದೆಂದರೆ ಬೀಗ ಹಾಕುವುದು, ಕೀಲಿಮಣೆ, ಕೀಲಿಪದಗಳಲ್ಲಿ ಅದು ಬೇರೆಯದೇ ಅರ್ಥ.

ಇನ್ನು ಡೆಡ್‌ಲಾಕ್. ಬಿಕ್ಕಟ್ಟು ಮಾತುಕತೆಯಿಂದ ಬಗೆಹರಿಯುತ್ತದೆ, ಇದು ತಾನಾಗಿ ಬಗೆಹರಿಯುವುದೇ ಇಲ್ಲ. ನಿಧಾನದ ನೆಟ್‌ವರ್ಕಿಗೆ ಕಾದು ನಿಂತ ಪ್ರೋಗ್ರಾಂ ಕೂಡ ಸ್ಥಗಿತವೇ, ಆದರೆ ಉತ್ತರ ಬಂದೊಡನೆ ಅದು ಮುಂದೆ ಸಾಗುತ್ತದೆ. ‘ಪರಸ್ಪರ ತಡೆ’ ಎಂಬ ಸಲಹೆಯೂ ಕೇಳಿಬರುತ್ತದೆ. ಮೂರು ಥ್ರೆಡ್‌ಗಳು ಒಂದರ ಹಿಂದೊಂದು ಸಿಕ್ಕಿಬಿದ್ದರೆ ಯಾವ ಎರಡರ ನಡುವೆಯೂ ಪರಸ್ಪರತೆ ಇರುವುದಿಲ್ಲ. ಒಂದೇ ಥ್ರೆಡ್ ಪಿಥ್ರೆಡ್ ಎಂಬ ಥ್ರೆಡ್ ಲೈಬ್ರರಿಯ ಸಾಮಾನ್ಯ ಮ್ಯೂಟೆಕ್ಸನ್ನು ಎರಡು ಸಲ ಹಾಕಿಕೊಳ್ಳಹೋದರೂ ಡೆಡ್‌ಲಾಕ್ ಆಗುತ್ತದೆ. 1971ರಲ್ಲಿ ಕಾಫ್‌ಮನ್, ಎಲ್ಫಿಕ್ ಮತ್ತು ಶೋಶಾನಿ ಡೆಡ್‌ಲಾಕ್ ಆಗಲು ಬೇಕೆಂದು ಪಟ್ಟಿಮಾಡಿದ ನಾಲ್ಕು ಷರತ್ತುಗಳಲ್ಲಿ ಕಣ್ಣಿಗೆ ಕಟ್ಟುವಂಥದ್ದು ಕಾಯುವಿಕೆಯ ವರ್ತುಲ. ಪದದಲ್ಲಿ ಆ ಸುತ್ತು ಕಾಣಲೇಬೇಕು.

ಡೆಡ್‌ಲಾಕ್ ಹುಡುಕುವ ಕೆಲಸವೂ ಆ ಸುತ್ತನ್ನು ಹಿಡಿಯುವುದೇ. ಲಿನಕ್ಸ್‌ನಲ್ಲಿ ದೋಷ ಹುಡುಕುವ ಸಾಧನವಾದ ಜಿಡಿಬಿಯನ್ನು ನಿಂತ ಪ್ರೋಗ್ರಾಮಿಗೆ ಲಗತ್ತಿಸಿ, ‘ಥ್ರೆಡ್ ಅಪ್ಲೈ ಆಲ್ ಬಿಟಿ’ ಕೊಟ್ಟರೆ ಎಲ್ಲ ಥ್ರೆಡ್‌ಗಳ ಸ್ಟ್ಯಾಕ್ (ಯಾವ ಕರೆಯೊಳಗೆ ಯಾವ ಕರೆ ನಡೆದಿದೆ ಎಂಬ ಪಟ್ಟಿ) ಸಿಗುತ್ತದೆ. ಯಾವುವು ಮ್ಯೂಟೆಕ್ಸ್ ಲಾಕ್ ಕರೆಯಲ್ಲಿ ನಿಂತಿವೆ ನೋಡಿ. ಅವು ಕೇಳುತ್ತಿರುವ ಮ್ಯೂಟೆಕ್ಸ್‌ನ ಒಳಗಿನ ‘ಓನರ್’ ಸಂಖ್ಯೆಯನ್ನು, ಅಂದರೆ ಅದನ್ನು ಹಿಡಿದಿರುವ ಥ್ರೆಡ್‌ನ ಸಂಖ್ಯೆಯನ್ನು, ಮುದ್ರಿಸಿ, ‘ಇನ್ಫೋ ಥ್ರೆಡ್ಸ್’ ಪ್ರತಿ ಥ್ರೆಡ್‌ಗೂ ತೋರಿಸುವ ಎಲ್‌ಡಬ್ಲ್ಯೂಪಿ ಸಂಖ್ಯೆಗೆ ಹೋಲಿಸಿ. ಉದಾಹರಣೆಗೆ, 4102 ಸಂಖ್ಯೆಯ ಥ್ರೆಡ್ ಕೇಳುವ ಚಿಲಕ 4103ರ ಬಳಿ, 4103 ಕೇಳುವುದು 4102ರ ಬಳಿ ಇದ್ದರೆ ಸುತ್ತು ಮುಚ್ಚಿತು. ಆಗ ಆ ಥ್ರೆಡ್‌ಗಳು ಸಿಪಿಯು ಬಳಸುವುದೇ ಇಲ್ಲ. ಸಿಪಿಯು ಉರಿಯುತ್ತಿದ್ದೂ ಕೆಲಸ ಸಾಗದಿದ್ದರೆ ಲೈವ್‌ಲಾಕ್‌ನ ಶಂಕೆ, ಅದಕ್ಕೆ ಡೆಡ್‌ಲಾಕ್‌ನ ಪದ ಬಳಸಬಾರದು. ಜಾವಾದಲ್ಲಿ ಜೆಸ್ಟ್ಯಾಕ್ ಎಂಬ ಸಾಧನ ಇಂಥ ಸುತ್ತನ್ನು ತಾನೇ ಗುರುತಿಸಿ ಬರೆಯುತ್ತದೆ.

ಡೆಡ್‌ಲಾಕ್‌ಗೆ ನನ್ನ ಸಲಹೆ ‘ಸುತ್ತುಸಿಕ್ಕು’. ಥ್ರೆಡ್‌ಗೆ ‘ಎಳೆ’ ಎನ್ನುವವರಿದ್ದಾರೆ, ಎಳೆ ಸಿಕ್ಕಾಗುವುದು ನಮ್ಮ ಮನೆಮಾತು. ಮೊದಲ ಸಲ ಡೆಡ್‌ಲಾಕ್ ಎಂದೂ ಜೊತೆಗಿಡಿ, ಓದುಗರು ಕೆಲಸದಲ್ಲಿ ಕೇಳುವುದು ಅದನ್ನೇ. ಪರಿಹಾರವನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ: ಎಲ್ಲ ಥ್ರೆಡ್‌ಗಳೂ ಒಂದೇ ಕ್ರಮದಲ್ಲಿ, ಮೊದಲು ‘ಅ’ ಆಮೇಲೆ ‘ಆ’, ಚಿಲಕ ಹಾಕಿಕೊಂಡರೆ ಈ ಸುತ್ತು ಮುಚ್ಚುವುದಿಲ್ಲ. ಸಿ ಪ್ಲಸ್ ಪ್ಲಸ್ 17ರ ಸ್ಕೋಪ್ಡ್ ಲಾಕ್ ಎಂಬ ಸೌಲಭ್ಯ ಎರಡು ಚಿಲಕಗಳನ್ನೂ ಸುತ್ತಾಗದಂತೆ ಒಟ್ಟಿಗೇ ಹಿಡಿದುಕೊಡುತ್ತದೆ.

ತಿದ್ದಿದ ಸಾಲು: “ಮೊದಲ ಥ್ರೆಡ್ ‘ಅ’ ಚಿಲಕ ಹಾಕಿಕೊಂಡು, ‘ಆ’ ಚಿಲಕಕ್ಕೆ ಕಾದು ನಿಲ್ಲುತ್ತದೆ. ಎರಡನೆಯದು ‘ಆ’ ಹಾಕಿಕೊಂಡು ‘ಅ’ಕ್ಕೆ ಕಾದು ನಿಲ್ಲುತ್ತದೆ. ಎರಡೂ ತಮ್ಮ ಚಿಲಕ ತೆಗೆಯುವುದಿಲ್ಲ. ಇದೇ ಸುತ್ತುಸಿಕ್ಕು, ಅಂದರೆ ಡೆಡ್‌ಲಾಕ್.”