ಒಂದೂವರೆ ಎಕರೆ, ಎರಡಿಂಚು ನೀರು: ಟೊಮೇಟೊನಾ, ಸೊಪ್ಪಾ?

ಚಿಂತಾಮಣಿ ಹುಡುಗ: ಬೋರಲ್ಲಿ ಎರಡಿಂಚು ನೀರಿದೆ, ಡ್ರಿಪ್ ಇನ್ನೂ ಹಾಕಿಸಿಲ್ಲ. ಅಪ್ಪ ಟೊಮೇಟೊ ಅಂತಾರೆ, ಅಮ್ಮ ಸೊಪ್ಪು, ಬೀನ್ಸ್ ಅಂತಾರೆ. ಬೆಳೆದು ಮಾರಿದವರು ಅನುಭವ ಹೇಳಿ.

ಮಾಲೂರು ರೈತ: ನನ್ನದು ಕೇಳಿ. 2023ರ ಜುಲೈಲಿ ಕೋಲಾರದಲ್ಲಿ ಟೊಮೇಟೊ 15 ಕೆ.ಜಿ. ಬಾಕ್ಸ್ 2,000 ದಾಟಿತಲ್ಲ, ಆಗ ನನ್ನ ಹೊಲದಲ್ಲಿ ಇದ್ದಿದ್ದು ರಾಗಿ. ಹೊಟ್ಟೆ ಉರೀತು, ರಾಗಿ ಉತ್ತುಬಿಟ್ಟು ಒಂದು ಎಕರೆ ನಾಟಿ ಮಾಡಿದೆ. ಸಸಿ 6,000, ಸಾಲಿಗೆ ಹೊದಿಸೋ ಮಲ್ಚಿಂಗ್ ಶೀಟ್ ಏಳು ರೋಲು 13,300, ಗಿಡಕ್ಕೆ ಆಸರೆಗೆ ನೀಲಗಿರಿ ಕಡ್ಡಿ ಮೂರು ಸಾವಿರ, ಒಂದಕ್ಕೆ 12. ಗಿಡ ಮೊಣಕಾಲುದ್ದ ಆಗೋಷ್ಟರಲ್ಲೇ 55,300 ಹೋಯ್ತು. ಆಮೇಲೆ ಬಿಳಿನೊಣ, ಎಲೆ ಮುರುಟು, ಔಷಧಿಗೆ 62,000. ಹಣ್ಣು ಬರೋ ಹೊತ್ತಿಗೆ ರೇಟು ನೆಲ ಕಚ್ಚಿತ್ತು. ಒಂದು ದಿನದ ಲೆಕ್ಕ: 140 ಬಾಕ್ಸು, 90ರಂತೆ 12,600. ಮಂಡಿ ಕಮಿಷನ್ ನೂರಕ್ಕೆ ಹತ್ತು 1,260, ಟೆಂಪೊ 2,800, ಕೀಳೋಕೆ ಒಂಬತ್ತು ಹೆಂಗಸರು 3,600. ಕೈಗೆ 4,940, ಅದೂ ಬಿಳಿ ಚೀಟಿ ಮೇಲೆ, ಪಕ್ಕಾ ಬಿಲ್ಲಿಲ್ಲ. ಕಡ್ಡಿ ಇನ್ನೂ ಕೊಟ್ಟಿಗೆ ಹಿಂದೆ ಬಿದ್ದಿವೆ.

ಶ್ರೀನಿವಾಸಪುರ: ರೇಟು ನೋಡಿ ನಾಟಿ ಮಾಡಿದ್ರೆ ಇನ್ನೇನಾಗುತ್ತೆ ಅಣ್ಣ? ಅವತ್ತು ನಿಮ್ಮ ಜೊತೆ ಇಡೀ ಜಿಲ್ಲೆ ನಾಟಿ ಮಾಡ್ತು. ನಾನು ರೇಟು ನೋಡೋದೇ ಇಲ್ಲ, ವರ್ಷಕ್ಕೆ ಮೂರು ಸಲ ಅರ್ಧರ್ಧ ಎಕರೆ. ಎರಡು ಹೋದ್ರೂ ಒಂದು ಎತ್ತುತ್ತೆ. ಆ ಜುಲೈಲಿ ನನ್ನದು 310 ಬಾಕ್ಸು ಹೋಯ್ತು, ಹಳೇ ಬೋರಿನ ಸಾಲ ತೀರ್ತು.

ಮಾಲೂರು ರೈತ: ಲಾಟರಿ ಹೊಡೆದವನು ಬುದ್ಧಿ ಹೇಳೋದು ಸುಲಭ.

ಸೊಪ್ಪಿನಕ್ಕ, ಹೊಸಕೋಟೆ: ನಾವು ಹತ್ತು ಗುಂಟೆನ ನಾಲ್ಕು ಮಡಿ ಮಾಡ್ಕೊಂಡು ವಾರಕ್ಕೊಂದು ಮಡಿ ಬಿತ್ತೀವಿ: ಕೊತ್ತಂಬರಿ, ಮೆಂತ್ಯ, ದಂಟು, ಸಬ್ಬಸಿಗೆ. ಬೆಳಗಿನ ಜಾವ ಮೂರಕ್ಕೆ ಎದ್ದು ತೊಳೆದು ಕಟ್ಟು ಕಟ್ಟಬೇಕು. ಕರೆಂಟು ರಾತ್ರಿ ಕೊಟ್ರೆ ಹನ್ನೊಂದಕ್ಕೂ ನೀರು ಕಟ್ಟಿದ್ದೀನಿ, ಹಾವು ತುಳಿದಿದ್ದೀನಿ. ಹೋದ ಮೇ ತಿಂಗಳಲ್ಲಿ ಆಲಿಕಲ್ಲು ಬಿದ್ದು ಎರಡು ಮಡಿ ಕೊತ್ತಂಬರಿ ಚಟ್ನಿ ಆಯ್ತು. ಆದ್ರೂ ನಾನೇ ಕೂತು ಮಾರ್ತೀನಿ, ಕಮಿಷನ್ ಯಾರಿಗೂ ಇಲ್ಲ. ಮಗಳ ಕಾಲೇಜು ಫೀಸು ಸೊಪ್ಪಿಂದಲೇ.

ಮಾಲೂರು ರೈತ: ರಸ್ತೆ ಬದಿ ಕೂತು ಮಾರೋದು ವ್ಯಾಪಾರ ಅಕ್ಕ, ವ್ಯವಸಾಯ ಅಲ್ಲ.

ಸೊಪ್ಪಿನಕ್ಕ, ಹೊಸಕೋಟೆ: ಹೌದಪ್ಪ. ಸಾಲ ಮಾಡಿ ಹಣ್ಣು ಬೆಳೆದು ಹಸುಗೆ ಹಾಕಿದ್ರೆ ಅದು ವ್ಯವಸಾಯ.

ಮುಳಬಾಗಿಲು: ಜಗಳ ಬಿಡಿ. ಹುಡುಗ, ಡ್ರಿಪ್‌ಗೆ ತೋಟಗಾರಿಕೆ ಇಲಾಖೆ ಸಬ್ಸಿಡಿ ಇದೆ, ಅರ್ಜಿ ಹಾಕದೆ ಮೊದಲೇ ಪೈಪು ತರಬೇಡ. ನಾನು ಆತುರಪಟ್ಟು ತಂದೆ, ಪೂರ್ತಿ ದುಡ್ಡು ಕೈಯಿಂದಲೇ ಹೋಯ್ತು. ಅದಕ್ಕೂ ಮುಂಚೆ 1,150 ಅಡಿ ಕೊರೆಸಿದ್ದು ಬರೀ ಧೂಳು, ಕೇಸಿಂಗ್ ಪೈಪೂ ಮೇಲೆ ಬರಲಿಲ್ಲ.

ಶ್ರೀನಿವಾಸಪುರ: ಕೆ.ಸಿ. ವ್ಯಾಲಿ ನೀರು, ಅದೇ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಬಿಡೋದು, ಕೆರೆಗೆ ಬಂದ ಕಡೆ ಆ ಗೋಳಿಲ್ಲ. ನರಸಾಪುರದ ಹತ್ರ ನಮ್ಮ ಭಾವನ ಬತ್ತಿದ ಬೋರು ಮತ್ತೆ ಎತ್ತಿದೆ.

ಮುಳಬಾಗಿಲು: ಬೆಂಗಳೂರವರು ತೊಳೆದ ನೀರು! 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಿಟ್ಟಾಗ ನೊರೆ ನೋಡಿಲ್ವಾ? ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಕೇಳಿ ಕೇಳಿ ಸಾಕಾಯ್ತು.

ಶ್ರೀನಿವಾಸಪುರ: ಸಾವಿರ ಅಡಿ ಕೆಳಗಿನ ಫ್ಲೋರೈಡ್ ನೀರು ಕುಡಿದು ಹಲ್ಲು ಹಳದಿ ಮಾಡ್ಕೊಂಡಾಗ ಯಾರೂ ಕೇಳಲಿಲ್ಲ.

ಮುಳಬಾಗಿಲು: ಅದಕ್ಕೆ ಇದು ಕುಡೀಬೇಕಾ?

ಸೊಪ್ಪಿನಕ್ಕ, ಹೊಸಕೋಟೆ: ಮಾಲೂರಣ್ಣ, ಆ ಕಡ್ಡಿ ಕೊಡ್ತೀರಾ? ಹೀರೇಕಾಯಿ ಹಬ್ಬಿಸೋಕೆ 400 ಬೇಕಿತ್ತು.

ಮಾಲೂರು ರೈತ: 7 ರೂಪಾಯಿ.

ಸೊಪ್ಪಿನಕ್ಕ, ಹೊಸಕೋಟೆ: ಗೆದ್ದಲು ಹಿಡಿದಿರುತ್ತೆ. 4.

ಮಾಲೂರು ರೈತ: 5. ಟೆಂಪೊ ನಿಮ್ಮದೇ.